ಮೆಣಸಿನ ಚೀಲಗಳ ಹಿಂದಿನ ಡಬ್ಬಿ

ಪ್ರಶ್ನೆ: ನಾನು ಸೋಮವಾರಪೇಟೆ ತಾಲ್ಲೂಕಿನವಳು, ವಯಸ್ಸು 34. ಮದುವೆಯಾಗಿ ಒಂಬತ್ತು ವರ್ಷವಾಗಿದೆ, ಏಳು ವರ್ಷದ ಮಗಳಿದ್ದಾಳೆ, ಕಾಫಿ ತೋಟವಿದೆ. ಕಳೆದ ಜೂನ್‌ನಲ್ಲಿ ಅತ್ತೆ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ಐದು ವಾರ ಮೈಸೂರಿನ ಆಸ್ಪತ್ರೆಯಲ್ಲಿದ್ದರು. ಜುಲೈ ಕೊನೆಯ ಹೊತ್ತಿಗೆ ನನ್ನ ಪತಿ ರಾತ್ರಿ ಮೂರು ಗಂಟೆಗಿಂತ ಹೆಚ್ಚು ಮಲಗುತ್ತಿರಲಿಲ್ಲ. ಹಳೆಯ ಜೀಪೊಂದನ್ನು ಕೊಂಡರು, ಆ ಮಳೆಯಲ್ಲೇ ಹೋಂಸ್ಟೇ ಕಟ್ಟಲು ಜೆಸಿಬಿ ತರಿಸಿದರು, ಕಾಳುಮೆಣಸನ್ನು ಬಳ್ಳಿಯಲ್ಲಿರುವಾಗಲೇ ಮಾರಿ ಮುಂಗಡ ತಂದರು. ಸೆಪ್ಟೆಂಬರ್‌ನಲ್ಲಿ ಕುಶಾಲನಗರದ ಒಬ್ಬ ಮಹಿಳೆಯೊಂದಿಗೆ ಅವರಿಗಿದ್ದ ಸಂಬಂಧ ಹೊರಬಿತ್ತು. ಅಕ್ಟೋಬರ್‌ನಲ್ಲಿ ಅವರನ್ನು ಹದಿನೆಂಟು ದಿನ ಆಸ್ಪತ್ರೆಯಲ್ಲಿ ಇರಿಸಬೇಕಾಯಿತು. ಅತ್ತೆ ಬಾಯಿಬಿಟ್ಟದ್ದು ಆಗ: ನನ್ನ ಪತಿಗೆ ಇಪ್ಪತ್ತೆರಡನೆಯ ವಯಸ್ಸಿನಲ್ಲೇ ಬೈಪೋಲಾರ್ ಕಾಯಿಲೆ ಎಂದು ವೈದ್ಯರು ಹೇಳಿದ್ದರಂತೆ, ಒಂಬತ್ತು ವರ್ಷ ನನ್ನ ಕಣ್ಣು ತಪ್ಪಿಸಿ ಅತ್ತೆಯೇ ಲಿಥಿಯಂ ಮಾತ್ರೆ ಕೊಡುತ್ತಿದ್ದರಂತೆ. ಗೋದಾಮಿನಲ್ಲಿ ಮೆಣಸಿನ ಚೀಲಗಳ ಹಿಂದಿದ್ದ ಬೋರ್ನ್‌ವಿಟಾ ಡಬ್ಬಿಯಲ್ಲಿ ಆ ಮಾತ್ರೆಗಳು ನನಗೆ ಸಿಕ್ಕಿದವು. ಪಂಪ್‌ಸೆಟ್ ಶೆಡ್ಡಿನಲ್ಲಿ ಎರಡನೆಯ ಫೋನೂ ಸಿಕ್ಕಿತು. ಅದರಲ್ಲಿ ಸಂದೇಶಗಳು ಶುರುವಾದದ್ದು ಕಳೆದ ಫೆಬ್ರುವರಿಯಲ್ಲಿ. ಈಗ ಎಲ್ಲರೂ ‘ಕಾಯಿಲೆಯಿಂದ ಆದದ್ದು, ಬಿಟ್ಟುಬಿಡು’ ಎನ್ನುತ್ತಾರೆ. ಪತಿ ಈಗ ಹಾಸಿಗೆ ಬಿಟ್ಟು ಏಳುವುದಿಲ್ಲ. ಕಣದಲ್ಲಿ ಕಾಫಿ ಒಣಗಿಸುವುದೂ ಆಳುಗಳಿಗೆ ಸಂಬಳ ಬಟವಾಡೆ ಮಾಡುವುದೂ ನಾನೇ. ಕಾಯಿಲೆಯೇ ಕಾರಣವೇ? ಇಷ್ಟನ್ನು ಮುಚ್ಚಿಟ್ಟು ಮಾಡಿದ ಮದುವೆ ಕಾನೂನಿನಲ್ಲಿ ನಿಲ್ಲುತ್ತದೆಯೇ? ಮಗಳಿಗೂ ಇದು ಬರುತ್ತದೆಯೇ? ಇನ್ನೊಂದು ಮಾತು: ಎರಡು ತಿಂಗಳಿಂದ ಅತ್ತೆಯ ನಿದ್ರೆ ಮಾತ್ರೆಯನ್ನು ಯಾರಿಗೂ ಹೇಳದೆ ನಾನೂ ನುಂಗುತ್ತಿದ್ದೇನೆ.

ಉತ್ತರ: ನಿಮ್ಮ ಪ್ರಶ್ನೆಗಳಿಗೆ ಬರುವ ಮೊದಲು ನೀವು ಕೇಳದ ಒಂದು ವಿಷಯವನ್ನು ಹೇಳಬೇಕಾಗಿದೆ, ಏಕೆಂದರೆ ಉಳಿದದ್ದಕ್ಕೆಲ್ಲ ಕಾಲಾವಕಾಶವಿದೆ, ಇದಕ್ಕೆ ಇಲ್ಲ. ಈ ಕಾಯಿಲೆಯಲ್ಲಿ ಉನ್ಮಾದ (ಮಿತಿಮೀರಿದ ಹುರುಪಿನ ಸ್ಥಿತಿ) ಇಳಿದ ಮೇಲೆ ಬರುವ ಖಿನ್ನತೆಯಲ್ಲಿ, ಮಾಡಿದ ಸಾಲವೂ ಆಡಿದ ಮಾತೂ ಒಂದೊಂದಾಗಿ ನೆನಪಾಗಿ ನಾಚಿಕೆ ಹಿಂಡುವ ದಿನಗಳಲ್ಲಿ, ಜೀವ ಕಳೆದುಕೊಳ್ಳುವ ಯೋಚನೆ ಬರುವ ಅಪಾಯ ಹೆಚ್ಚು. ನಿಮ್ಮ ಪತ್ರದಲ್ಲಿ ಕೋವಿಯ ಮಾತಿಲ್ಲ. ಆದರೆ ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ ಇರುವ ಜಿಲ್ಲೆಯಲ್ಲಿ, ಕಾಡುಹಂದಿಯ ಕಾಟವಿರುವ ತೋಟದ ಮನೆಯಲ್ಲಿ, ಅದು ಇಲ್ಲವೆಂದು ಊಹಿಸಿಕೊಂಡು ಉತ್ತರ ಬರೆಯುವ ಧೈರ್ಯ ನನಗಿಲ್ಲ. ಇದ್ದರೆ, ಕೋವಿ ಇಟ್ಟುಕೊಳ್ಳುವ ಹಕ್ಕುಳ್ಳ ಹತ್ತಿರದ ದಾಯಾದಿಗಳ ಮನೆಗೆ ತೋಟಾ ಸಮೇತ ಈ ವಾರವೇ ಹೋಗಲಿ. ಕಳೆನಾಶಕ ಮತ್ತು ಕೀಟನಾಶಕಗಳ ಕೋಣೆಗೆ ಬೀಗ ಹಾಕಿ, ಕೀಲಿಕೈಯನ್ನು ಅಡುಗೆಮನೆಯ ಮೊಳೆಗೆ ನೇತುಹಾಕದೆ ನಿಮ್ಮ ಬಳಿಯೇ ಇಟ್ಟುಕೊಳ್ಳಿ. ಲಿಥಿಯಂ ಮಾತ್ರೆ ಹೆಚ್ಚಾದರೆ ಅದೇ ವಿಷವಾಗುವುದರಿಂದ ಒಂದು ವಾರಕ್ಕೆ ಬೇಕಾದಷ್ಟನ್ನು ಮಾತ್ರ ಹೊರಗಿಡಿ. ‘ಸಾಯಬೇಕು ಅನ್ನಿಸುತ್ತಿದೆಯೇ’ ಎಂದು ಅವರನ್ನು ನೇರವಾಗಿ ಕೇಳಿ. ಹಾಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಇದ್ದ ಯೋಚನೆ ಹೊರಬರುತ್ತದೆ. ಹೌದು ಎಂದರೆ ಅವರನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಅಪರಾತ್ರಿಯಲ್ಲಿ ಯಾರೂ ಸಿಗದಿದ್ದರೆ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಅದು. ಕನ್ನಡದಲ್ಲೇ ಮಾತನಾಡುತ್ತಾರೆ, ಹಣ ಕೊಡಬೇಕಾಗಿಲ್ಲ.

ಇನ್ನು ನಿಮ್ಮ ಪ್ರಶ್ನೆಗಳು. ನಿಮ್ಮ ಮನೆಯಲ್ಲಿ ಮೂರು ಬೇರೆ ಬೇರೆ ಸಂಗತಿಗಳು ನಡೆದಿವೆ: ಒಂದು ಕಾಯಿಲೆ, ಒಂದು ಮುಚ್ಚುಮರೆ, ಒಂದು ಪರಸಂಬಂಧ. ಅವು ಒಂದೇ ಮಳೆಗಾಲದಲ್ಲಿ ಒಟ್ಟಿಗೆ ಹೊರಬಿದ್ದುದರಿಂದ ಒಂದೇ ಗಂಟಾಗಿ ಕಾಣುತ್ತಿವೆ. ನಿಮ್ಮ ಮನೆಯವರಿಗೂ ಆ ಗಂಟು ಹಾಗೆಯೇ ಇರುವುದು ಅನುಕೂಲ. ಕಾಯಿಲೆಗೆ ಯಾರನ್ನೂ ದೂರುವಂತಿಲ್ಲ, ಅದಕ್ಕೆ ಬೇಕಾದದ್ದು ಚಿಕಿತ್ಸೆ. ಮುಚ್ಚುಮರೆಗೆ ಹೊಣೆಗಾರರಿದ್ದಾರೆ, ಒಬ್ಬರಿಗಿಂತ ಹೆಚ್ಚು ಮಂದಿಯೇ ಇದ್ದಾರೆ. ಪರಸಂಬಂಧಕ್ಕೆ ಉತ್ತರ ಹೇಳಬೇಕಾದವರು ನಿಮ್ಮ ಪತಿ. ಈ ಮೂರನ್ನೂ ಬಿಡಿಸಿ ಪಕ್ಕಪಕ್ಕದಲ್ಲಿ ಇಟ್ಟರೆ ಮಾತ್ರ ಯಾವುದನ್ನು ಕ್ಷಮಿಸಬೇಕು, ಯಾವುದನ್ನು ಕ್ಷಮಿಸುವ ಪ್ರಶ್ನೆಯೇ ಏಳುವುದಿಲ್ಲ ಎಂಬುದು ನಿಮಗೆ ಕಾಣುತ್ತದೆ.

ಮೊದಲು ಕಾಯಿಲೆ. ಬೈಪೋಲಾರ್ ಎಂದರೆ ದಿನಕ್ಕೆ ನಾಲ್ಕು ಸಲ ಬದಲಾಗುವ ಮುಂಗೋಪವಲ್ಲ. ಕನಿಷ್ಠ ಒಂದು ವಾರ, ಸಾಮಾನ್ಯವಾಗಿ ಅದಕ್ಕಿಂತ ಬಹಳ ಹೆಚ್ಚು ಕಾಲ ನಿಲ್ಲುವ ಉನ್ಮಾದದ ಅವಧಿ, ವಾರಗಟ್ಟಲೆ ತಿಂಗಳುಗಟ್ಟಲೆ ಹಿಡಿಯುವ ಖಿನ್ನತೆಯ ಅವಧಿ, ಇವೆರಡರ ನಡುವೆ ಎಲ್ಲರಂತೆ ಇರುವ ದೀರ್ಘ ಕಾಲ, ಹೀಗೆ ಅದರ ನಡೆ. ಈ ನಡುವಿನ ಕಾಲ, ಅದರಲ್ಲೂ ಮಾತ್ರೆ ಸರಿಯಾಗಿ ಒಳಗೆ ಹೋಗುತ್ತಿದ್ದರೆ, ವರ್ಷಗಟ್ಟಲೆ ನಡೆಯಬಹುದು. ಆದ್ದರಿಂದ ‘ಒಂಬತ್ತು ವರ್ಷ ಒಂದೇ ಸೂರಿನಡಿ ಇದ್ದೂ ನನಗೆ ಗೊತ್ತಾಗಲಿಲ್ಲವಲ್ಲ’ ಎಂದು ನೀವು ನಿಮ್ಮನ್ನೇ ಹಳಿದುಕೊಳ್ಳುವ ಅಗತ್ಯವಿಲ್ಲ. ಗೊತ್ತಾಗುವಂಥದ್ದೇನೂ ಆ ವರ್ಷಗಳಲ್ಲಿ ನಿಮ್ಮ ಕಣ್ಣೆದುರು ಇರಲಿಲ್ಲ. ಜುಲೈ ಕೊನೆಯಿಂದ ನೀವು ಕಂಡದ್ದು ಮಾತ್ರ ಪಠ್ಯಪುಸ್ತಕದಿಂದ ಎತ್ತಿ ಬರೆದಂತಿದೆ. ನಿದ್ರೆ ಬಾರದೆ ಹೊರಳಾಡುವವನು ಬೆಳಿಗ್ಗೆ ಸುಸ್ತಾಗಿರುತ್ತಾನೆ. ಉನ್ಮಾದದಲ್ಲಿರುವವನು ಮೂರು ಗಂಟೆ ಮಲಗಿ ಎದ್ದು ಹೊಸ ಹುರುಪಿನಲ್ಲಿ ಜೆಸಿಬಿಯವನಿಗೆ ಫೋನು ಮಾಡುತ್ತಾನೆ. ಮಣ್ಣು ಕುಸಿಯುವ ಭಯದಿಂದ ಜಿಲ್ಲೆಯೇ ಹಿಡಿ ಜೀವದಲ್ಲಿರುವ ಆಗಸ್ಟ್‌ನಲ್ಲಿ ಗುಡ್ಡ ಅಗೆಯಿಸಲು ಹೊರಟದ್ದೊಂದೇ ಸಾಕು, ಅಂದು ಅವರ ವಿವೇಚನೆ ಯಾವ ಸ್ಥಿತಿಯಲ್ಲಿತ್ತೆಂದು ತಿಳಿಯಲು.

ಆ ಮಾತ್ರೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಲಿಥಿಯಂ ಹೊಸ ಔಷಧವಲ್ಲ; 1949ರಲ್ಲಿ ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್ ಉನ್ಮಾದದ ಮೇಲೆ ಅದರ ಪರಿಣಾಮವನ್ನು ಪ್ರಕಟಿಸಿದರು. ಇಂದಿಗೂ ಈ ಕಾಯಿಲೆಗೆ ಅದಕ್ಕಿಂತ ನಂಬಿಕಸ್ಥ ಔಷಧ ಕಡಿಮೆ. ಆತ್ಮಹತ್ಯೆಯ ಅಪಾಯವನ್ನೂ ಅದು ತಗ್ಗಿಸುತ್ತದೆ. ಆದರೆ ಅದರಲ್ಲಿ ಎರಡು ಕಟ್ಟುನಿಟ್ಟುಗಳಿವೆ. ಒಂದು, ಇದ್ದಕ್ಕಿದ್ದಂತೆ ನಿಲ್ಲಿಸಬಾರದು. ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಉನ್ಮಾದ ಮರಳಬಹುದು. ಜೂನ್‌ನಲ್ಲಿ ಅತ್ತೆ ಆಸ್ಪತ್ರೆ ಸೇರಿದ ದಿನದಿಂದ ಜುಲೈ ಕೊನೆಯವರೆಗಿನ ವಾರಗಳನ್ನು ಎಣಿಸಿ ನೋಡಿ, ಲೆಕ್ಕ ಸರಿಹೊಂದುತ್ತದೆ. ಎರಡನೆಯದು, ಗುಣ ಕೊಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಕಡಿಮೆ ಇರುವುದರಿಂದ ರಕ್ತಪರೀಕ್ಷೆ ಬೇಕೇ ಬೇಕು. ಕೊನೆಯ ಮಾತ್ರೆ ನುಂಗಿ ಹನ್ನೆರಡು ಗಂಟೆಗಳ ನಂತರ ತೆಗೆದ ರಕ್ತದಲ್ಲಿ ಲೀಟರಿಗೆ ಸುಮಾರು 0.6ರಿಂದ 1.0 ಮಿಲಿಮೋಲ್ ಇರಬೇಕು. ಜೊತೆಗೆ ಆರು ತಿಂಗಳಿಗೊಮ್ಮೆಯಾದರೂ ಮೂತ್ರಪಿಂಡ ಮತ್ತು ಥೈರಾಯ್ಡ್ ಪರೀಕ್ಷೆ ಆಗಬೇಕು. ಮೆಡಿಕಲ್ ಶಾಪಿನವರ ಪರಿಚಯದ ಮೇಲೆ ಹಳೆಯ ಚೀಟಿಯಲ್ಲೇ ವರ್ಷಗಟ್ಟಲೆ ಮಾತ್ರೆ ತಂದು ಡಬ್ಬಿಯಲ್ಲಿ ಅಡಗಿಸಿ ಕೊಡುವ ಮನೆಗಳಲ್ಲಿ ಮೊದಲು ತಪ್ಪುವುದೇ ಈ ಪರೀಕ್ಷೆ. ಲಿಥಿಯಂ ಕೆಲವರಲ್ಲಿ ಥೈರಾಯ್ಡ್ ಗ್ರಂಥಿಯನ್ನು ಮಂದಗೊಳಿಸುತ್ತದೆ, ಮಂದಗೊಂಡ ಥೈರಾಯ್ಡ್ ಖಿನ್ನತೆಯಂತೆಯೇ ಮನುಷ್ಯನನ್ನು ಹಾಸಿಗೆಗೆ ಅಂಟಿಸುತ್ತದೆ. ಆದ್ದರಿಂದ ಅವರು ಈಗ ಏಳದಿರುವುದಕ್ಕೆ ಇದೂ ಒಂದು ಕಾರಣವೇ ಎಂಬುದನ್ನು ಪರೀಕ್ಷಿಸಲು ವೈದ್ಯರಿಗೆ ಹೇಳಿ. ಬಿಸಿಲಿನಲ್ಲಿ ದುಡಿದು ನೀರು ಕುಡಿಯದಿದ್ದರೆ, ವಾಂತಿಭೇದಿಯಾದರೆ, ಸೊಂಟನೋವಿಗೆಂದು ಐಬುಪ್ರೊಫೆನ್ ಅಥವಾ ಡೈಕ್ಲೊಫೆನಾಕ್ ನುಂಗಿದರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ಕೈ ಜೋರಾಗಿ ನಡುಗುವುದು, ನಾಲಿಗೆ ತೊದಲುವುದು, ನಡೆಯುವಾಗ ತೂರಾಡುವುದು ಕಂಡರೆ ಮುಂದಿನ ಮಾತ್ರೆ ಕೊಡದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಕುಡಿದಿದ್ದಾರೆಂದು ಭಾವಿಸಿ ಮಲಗಿಸಿಬಿಡುವುದು ನಮ್ಮ ಕಡೆ ನಡೆಯುವ ತಪ್ಪು.

ಈಗ ಮುಚ್ಚುಮರೆ. ಕನ್ನಡದಲ್ಲಿ ಎರಡು ಗಾದೆಗಳಿವೆ. ‘ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು’ ಎಂಬುದು ಒಂದು. ‘ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು’ ಎಂಬುದು ಇನ್ನೊಂದು. ಎರಡನೆಯದು ತಮಾಷೆಗೆಂದು ಹುಟ್ಟಿದ್ದು, ಆದರೆ ಅದನ್ನು ಚಿಕಿತ್ಸೆಯ ಸಲಹೆಯೆಂದೇ ತಿಳಿದ ಮನೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಮನೋವೈದ್ಯರ ಕೊಠಡಿಗೆ ಬರುವಾಗ ಎರಡು ಫರ್ಲಾಂಗು ದೂರದಲ್ಲೇ ಜೀಪು ನಿಲ್ಲಿಸಿ, ಕಿವಿಗೆ ಮಫ್ಲರ್ ಸುತ್ತಿಕೊಂಡು ನಡೆದು ಬರುವ ಊರುಗಳು ನಮ್ಮವು. 2015-16ರಲ್ಲಿ ನಿಮ್ಹಾನ್ಸ್ ಸಂಸ್ಥೆ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಕಾಯಿಲೆಗೆ ತಕ್ಕಂತೆ ಶೇ. 70ರಿಂದ 92ರಷ್ಟು ಮಾನಸಿಕ ರೋಗಿಗಳು ಚಿಕಿತ್ಸೆಯ ಹೊರಗಿದ್ದರು. ಆ ಹಿನ್ನೆಲೆಯಲ್ಲಿ ನೋಡಿದರೆ ನಿಮ್ಮ ಅತ್ತೆ ಮಾಡಿದ್ದು ವಿಚಿತ್ರವಾದ ಕೆಲಸ: ಒಂಬತ್ತು ವರ್ಷ ಒಂದು ದಿನ ತಪ್ಪದೆ ಮಾತ್ರೆ ಎಣಿಸಿ ಕೊಟ್ಟವರೂ ಅವರೇ, ಆ ಮಾತ್ರೆಯನ್ನು ಸೊಸೆಗೆ ತೋರಿಸದೆ ಮಗನ ಆರೋಗ್ಯವನ್ನು ತಮ್ಮ ಸೊಂಟದ ಮೂಳೆಯೊಂದರ ಮೇಲೆ ನಿಲ್ಲಿಸಿದವರೂ ಅವರೇ. ಅವರ ಅಕ್ಕರೆಯನ್ನು ನೀವು ಅಲ್ಲಗಳೆಯಬೇಕಾಗಿಲ್ಲ. ಹಾಗೆಂದು ಅವರು ನಿಮಗೆ ಮಾಡಿದ ಅನ್ಯಾಯ ಚಿಕ್ಕದಾಗುವುದೂ ಇಲ್ಲ. ಜೂನ್ ತಿಂಗಳಲ್ಲಿ ನಿಮಗೆ ವಿಷಯ ಗೊತ್ತಿದ್ದಿದ್ದರೆ ಡಬ್ಬಿಯ ಮುಚ್ಚಳ ತೆರೆಯುವ ಕೈ ಬದಲಾಗುತ್ತಿತ್ತು, ಅಷ್ಟೇ.

ಆದರೆ ಈ ಗುಟ್ಟಿನಲ್ಲಿ ಅತ್ತೆಯೊಬ್ಬರೇ ಪಾಲುದಾರರಲ್ಲ ಎಂಬುದನ್ನು ಗಮನಿಸಿ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಕಾಯಿಲೆಯ ಹೆಸರು ಕೇಳಿದವರು ನಿಮ್ಮ ಪತಿ; ಪ್ರತಿದಿನ ಆ ಮಾತ್ರೆ ನುಂಗುತ್ತಿದ್ದವರೂ ಅವರೇ. ಅದನ್ನು ಅವರು ‘ನರದ ಮಾತ್ರೆ’ ಎಂದುಕೊಂಡಿರಬಹುದು, ‘ಹೇಳಿದರೆ ಬಿಟ್ಟುಹೋಗುತ್ತಾಳೆ’ ಎಂಬ ತಾಯಿಯ ಹೆದರಿಕೆ ಅವರ ಹೆದರಿಕೆಯೂ ಆಗಿದ್ದಿರಬಹುದು. ಅದನ್ನು ಅವರ ಬಾಯಿಂದಲೇ ಕೇಳುವ ಹಕ್ಕು ನಿಮಗಿದೆ.

ಪರಸಂಬಂಧದ ವಿಷಯಕ್ಕೆ ಬಂದರೆ, ನಿಮ್ಮ ಪ್ರಶ್ನೆ ‘ಕಾಯಿಲೆಯೇ ಕಾರಣವೇ’ ಎಂಬುದು. ಉನ್ಮಾದದಲ್ಲಿ ಲೈಂಗಿಕ ಆಸಕ್ತಿ ಮಿತಿಮೀರುವುದೂ, ಸಂಕೋಚ ಕಳಚಿಬೀಳುವುದೂ, ಹಿಂದೆಂದೂ ಹಾಗೆ ನಡೆದುಕೊಳ್ಳದವರು ಅಪರಿಚಿತರೊಂದಿಗೆ ಸಂಬಂಧ ಬೆಳೆಸುವುದೂ ವೈದ್ಯಕೀಯವಾಗಿ ಚೆನ್ನಾಗಿ ತಿಳಿದ ಲಕ್ಷಣಗಳು. ಆದ್ದರಿಂದ ಮನೆಯವರು ಹೇಳುವ ಮಾತು ಪೂರ್ತಿ ಸುಳ್ಳಲ್ಲ. ಆದರೆ ತಾರೀಖುಗಳು ಅವರ ಮಾತಿನ ಜೊತೆ ಬರುತ್ತಿಲ್ಲ. ಸಂದೇಶಗಳು ಆರಂಭವಾದದ್ದು ಫೆಬ್ರುವರಿಯಲ್ಲಿ. ಮಾತ್ರೆ ನಿಂತದ್ದು ಜೂನ್‌ನಲ್ಲಿ. ಆ ನಾಲ್ಕು ತಿಂಗಳು ಅವರು ದಿನವೂ ಲಿಥಿಯಂ ತೆಗೆದುಕೊಳ್ಳುತ್ತಿದ್ದರು. ಇನ್ನೂ ಒಂದು ವಿಷಯವಿದೆ. ಉನ್ಮಾದದಲ್ಲಿರುವವರು ಗುಟ್ಟು ಕಾಯುವುದರಲ್ಲಿ ಬಹಳ ಹಿಂದೆ. ನನ್ನ ಅನುಭವದಲ್ಲಿ ಅವರು ಪ್ರೇಮವನ್ನೂ ಸಾಲವನ್ನೂ ಸಂತೆಯಲ್ಲಿ ನಿಂತು ಹೇಳಿಕೊಳ್ಳುವವರು. ಪಂಪ್‌ಸೆಟ್ ಶೆಡ್ಡಿನಲ್ಲಿ ಎರಡನೆಯ ಫೋನು ಬಚ್ಚಿಟ್ಟು ನಾಲ್ಕು ತಿಂಗಳು ಯಾರ ಕಣ್ಣಿಗೂ ಬೀಳದಂತೆ ನೋಡಿಕೊಳ್ಳಲು ಬೇಕಾದದ್ದು ತಣ್ಣನೆಯ ತಲೆ.

ಇದನ್ನು ನಾನು ದೂರದಿಂದ ತೀರ್ಪಿನಂತೆ ಹೇಳಲಾರೆ, ಏಕೆಂದರೆ ಪೂರ್ಣ ಉನ್ಮಾದಕ್ಕೆ ಮೊದಲೇ ಅದರ ಸೌಮ್ಯ ರೂಪವೊಂದು ಇಣುಕಿರುವ ಸಾಧ್ಯತೆಯೂ ಇದೆ. ಅದನ್ನು ಪರೀಕ್ಷಿಸಲು ನಿಮ್ಮ ಬಳಿಯೇ ಒಂದು ಒಳ್ಳೆಯ ದಾಖಲೆಯಿದೆ. ಕಳೆದ ಫೆಬ್ರುವರಿಯಿಂದ ಮೇ ತನಕದ ಚೆಕ್‌ರೋಲ್ ಪುಸ್ತಕವನ್ನು (ಆಳುಗಳ ಹಾಜರಿ, ಸಂಬಳದ ಲೆಕ್ಕ) ತೆಗೆದು, ಆಗಸ್ಟ್ ತಿಂಗಳ ಪುಟಗಳನ್ನು ಪಕ್ಕದಲ್ಲಿಟ್ಟು ನೋಡಿ. ಆಗಸ್ಟ್‌ನಲ್ಲಿ ಅವರ ಅಕ್ಷರ ದೊಡ್ಡದಾಗಿ ಗೆರೆ ದಾಟಿರಬಹುದು, ಕೆಲಸವಿಲ್ಲದ ದಿನಕ್ಕೂ ಆಳುಗಳ ಹೆಸರು ಬಂದಿರಬಹುದು, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಒಂದೇ ದಿನ ಮೂರು ಸಲ ಹಣ ತೆಗೆದಿರಬಹುದು. ಫೆಬ್ರುವರಿ ಪುಟಗಳಲ್ಲಿ, ರೋಬಸ್ಟಾ ಕೊಯ್ಲಿನ ಗಡಿಬಿಡಿಯ ನಡುವೆಯೂ, ಹಾಜರಿ, ಮುಂಗಡ, ಬಾಕಿ ಎಲ್ಲವೂ ಸಾಲಾಗಿ ಒಂದೇ ಅಳತೆಯ ಅಕ್ಷರದಲ್ಲಿದ್ದರೆ, ಅಂದು ಅವರ ಮನಸ್ಸು ಸಮಸ್ಥಿತಿಯಲ್ಲಿತ್ತೆಂದೇ ತಿಳಿಯಬೇಕಾಗುತ್ತದೆ. ಆ ಪುಸ್ತಕವನ್ನು ಚಿಕಿತ್ಸೆ ಕೊಡುತ್ತಿರುವ ವೈದ್ಯರಿಗೂ ತೋರಿಸಿ. ನೆನಪಿಗಿಂತ ಅದು ಹೆಚ್ಚು ನಿಷ್ಠುರ ಸಾಕ್ಷಿ. ನನಗೆ ಈಗ ತೋರುವುದಿಷ್ಟು: ಸಂಬಂಧ ಹುಟ್ಟಿದ್ದು ಅವರ ಆಯ್ಕೆಯಿಂದ, ಅದು ಲಂಗುಲಗಾಮಿಲ್ಲದೆ ಊರೆಲ್ಲ ತಿಳಿಯುವಂತಾದದ್ದು ಕಾಯಿಲೆಯಿಂದ. ಆಗಸ್ಟ್‌ನ ಜೀಪಿಗೂ ಜೆಸಿಬಿಗೂ ಅವರನ್ನು ನೀವು ಮನ್ನಿಸಬಹುದು, ಮನ್ನಿಸುವುದು ನ್ಯಾಯವೂ ಹೌದು. ಫೆಬ್ರುವರಿಗೆ ಅವರು ಉತ್ತರ ಕೊಡಬೇಕು.

ಮನೆಯವರ ಮಾತಿನಲ್ಲಿರುವ ವಿಪರ್ಯಾಸವನ್ನೂ ಹೇಳದೆ ಇರಲಾರೆ. ಮದುವೆ ಉಳಿಯಲೆಂದು ಒಂಬತ್ತು ವರ್ಷ ಇಲ್ಲವೆಂದಿದ್ದ ಕಾಯಿಲೆ, ಈಗ ಅದೇ ಮದುವೆ ಉಳಿಯಲೆಂದು ಎಲ್ಲದಕ್ಕೂ ಕಾರಣವಾಗಿಬಿಟ್ಟಿದೆ. ಇದರಿಂದ ನಿಮಗಿಂತ ಹೆಚ್ಚು ನಷ್ಟ ನಿಮ್ಮ ಪತಿಗೇ. ಮಾಡಿದ್ದೆಲ್ಲ ಕಾಯಿಲೆಯೇ ಎಂದರೆ, ಮಾಡದೆ ಇರಬಲ್ಲೆ ಎಂಬ ಶಕ್ತಿಯನ್ನೂ ಅವರಿಂದ ಕಿತ್ತುಕೊಂಡಂತೆ. ಈ ಕಾಯಿಲೆಯಿದ್ದೂ ಹೆಂಡತಿಗೆ ನಿಷ್ಠರಾಗಿ, ಲೆಕ್ಕಕ್ಕೆ ಪ್ರಾಮಾಣಿಕರಾಗಿ ಬಾಳುತ್ತಿರುವವರನ್ನು ನಾನು ದಿನನಿತ್ಯ ನೋಡುತ್ತೇನೆ.

ಇದನ್ನೆಲ್ಲ ಅವರೊಡನೆ ಮಾತನಾಡುವುದು ಯಾವಾಗ? ಖಿನ್ನತೆ ಇಳಿದು, ಸ್ನಾನ ಊಟಗಳು ತಾವಾಗಿ ನಡೆದು, ತೋಟದ ಕಡೆ ಒಂದು ಸುತ್ತು ಹೋಗಿಬರುವಷ್ಟಾದ ಮೇಲೆ. ಈಗ ಕೇಳಿದರೆ ‘ನಾನು ಪಾಪಿ’ ಎಂಬ ಒಂದೇ ಉತ್ತರ ಬರುತ್ತದೆ. ಅದು ಉತ್ತರವೂ ಅಲ್ಲ, ಅವರ ಜೀವಕ್ಕೆ ಒಳ್ಳೆಯದೂ ಅಲ್ಲ. ಸಮಯ ಬಂದಾಗ ಅತ್ತೆಯಾಗಲಿ ಭಾವನಾಗಲಿ ಕಿವಿಗೊಡದ ಕಡೆ, ಸಾಧ್ಯವಾದರೆ ಆಪ್ತಸಮಾಲೋಚಕರ ಎದುರಿನಲ್ಲಿ, ಯಾವಾಗ ಶುರುವಾಯಿತು, ಈಗ ಮುಗಿದಿದೆಯೇ, ಹಣ ಅಥವಾ ಮಾತು ಕೊಟ್ಟದ್ದಿದೆಯೇ, ಯಾರಿಗೆಲ್ಲ ಗೊತ್ತಿತ್ತು ಎಂಬಿಷ್ಟನ್ನು ಕೇಳಿ. ಮಲಗುವ ಕೋಣೆಯ ವಿವರಗಳನ್ನು ಕೇಳಬೇಡಿ. ಕೇಳಿಸಿಕೊಂಡದ್ದನ್ನು ಮರೆಯುವ ಔಷಧ ನಮ್ಮಲ್ಲಿಲ್ಲ. ಸತ್ಯವನ್ನು ಕಂತಿನಲ್ಲಿ ಹೇಳಬಾರದೆಂದು ಅವರಿಗೆ ಮೊದಲೇ ತಿಳಿಸಿ. ಪ್ರತಿ ತಿಂಗಳೂ ಒಂದೊಂದು ಹೊಸ ಸಂಗತಿ ಹೊರಬರುವ ಮನೆಯಲ್ಲಿ ಮೊದಲನೆಯ ಗಾಯವೂ ಒಣಗುವುದಿಲ್ಲ. ಕುಶಾಲನಗರದ ಆ ಮಹಿಳೆಗೆ ನೀವು ಫೋನು ಮಾಡಲು ಹೋಗಬೇಡಿ. ಆಕೆಗೂ ಕಾಯಿಲೆಯ ವಿಷಯ ಹೇಳಿರಲಿಕ್ಕಿಲ್ಲ.

ದೈಹಿಕ ಪರೀಕ್ಷೆಯ ಮಾತು ಮುಜುಗರದ್ದಾದರೂ ಬಿಡುವಂತಿಲ್ಲ. ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ ಪರೀಕ್ಷೆಗಳನ್ನು ಇಬ್ಬರೂ ಮಾಡಿಸಿಕೊಳ್ಳಿ. ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ (ಸಮಾಲೋಚನೆ ಮತ್ತು ಪರೀಕ್ಷೆಯ) ಕೇಂದ್ರಗಳಲ್ಲಿ ಎಚ್‌ಐವಿ ಪರೀಕ್ಷೆ ಉಚಿತ, ಫಲಿತಾಂಶ ಗೋಪ್ಯ. ಆ ಸಂಬಂಧ ಸೆಪ್ಟೆಂಬರ್‌ಗೇ ನಿಂತಿದ್ದರೆ ಮೂರು ತಿಂಗಳಿಗಿಂತ ಹೆಚ್ಚಾಗಿರುವುದರಿಂದ ಈಗ ಬರುವ ಎಚ್‌ಐವಿ ಫಲಿತಾಂಶವನ್ನು ನಂಬಬಹುದು.

ಮದುವೆ ಉಳಿಸಬೇಕೋ ಬಿಡಬೇಕೋ ಎಂಬ ತೀರ್ಮಾನವನ್ನು, ಅವರು ಕನಿಷ್ಠ ಮೂರು ತಿಂಗಳು ಸಮಸ್ಥಿತಿಯಲ್ಲಿರುವುದನ್ನು ನೋಡಿದ ಮೇಲೆ ಮಾಡಿ ಎಂದು ವೈದ್ಯನಾಗಿ ನಾನು ಹೇಳುತ್ತೇನೆ. ಆದರೆ ಕಾನೂನು ಅಷ್ಟು ನಿಧಾನವಾಗಿ ಕಾಯುವುದಿಲ್ಲ, ಇಲ್ಲಿಯೇ ನೀವು ಎಚ್ಚರವಾಗಿರಬೇಕು. ನಾನು ವಕೀಲನಲ್ಲ, ಇಂಥ ಪ್ರಕರಣಗಳಲ್ಲಿ ಸಾಕ್ಷಿ ಹೇಳಿ ತಿಳಿದಷ್ಟನ್ನು ಬರೆಯುತ್ತೇನೆ. ನಿಮ್ಮ ವಿವಾಹಕ್ಕೆ 1955ರ ಹಿಂದೂ ವಿವಾಹ ಕಾಯ್ದೆ ಅನ್ವಯಿಸುವುದಾದರೆ, ಮುಖ್ಯವಾದ ಸಂಗತಿಯನ್ನು ವಂಚನೆಯಿಂದ ಮರೆಮಾಚಿ ಒಪ್ಪಿಗೆ ಪಡೆದ ಮದುವೆಯನ್ನು ರದ್ದುಪಡಿಸಲು ಅದರ 12ನೆಯ ಕಲಮಿನಡಿ ಅರ್ಜಿ ಹಾಕಬಹುದು. ಅಂಥ ಮದುವೆ ತಾನಾಗಿ ಅಸಿಂಧುವಾಗುವುದಿಲ್ಲ, ನ್ಯಾಯಾಲಯ ರದ್ದುಪಡಿಸಿದರೆ ಮಾತ್ರ ರದ್ದಾಗುತ್ತದೆ. ವಂಚನೆ ತಿಳಿದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ತಿಳಿದ ಮೇಲೂ ಪೂರ್ಣ ಸಮ್ಮತಿಯಿಂದ ಗಂಡಹೆಂಡಿರಾಗಿ ಬಾಳಿದ್ದರೆ ಆ ದಾರಿ ಮುಚ್ಚುತ್ತದೆ. ನಿಮಗೆ ತಿಳಿದದ್ದು ಅಕ್ಟೋಬರ್‌ನಲ್ಲಿ, ಎಂದರೆ ನಾಲ್ಕು ತಿಂಗಳು ಈಗಾಗಲೇ ಕಳೆದಿವೆ. ವಿಚ್ಛೇದನಕ್ಕೆ 13ನೆಯ ಕಲಮಿನಡಿ ಪರಸಂಬಂಧವೂ ಒಂದು ಆಧಾರ. 2018ರಲ್ಲಿ ಸುಪ್ರೀಂ ಕೋರ್ಟ್ ವ್ಯಭಿಚಾರವನ್ನು ಅಪರಾಧಗಳ ಪಟ್ಟಿಯಿಂದ ತೆಗೆದಿದೆಯೇ ಹೊರತು ವಿಚ್ಛೇದನದ ಕಾರಣಗಳಿಂದ ತೆಗೆದಿಲ್ಲ. ಮಾನಸಿಕ ಕಾಯಿಲೆಯೂ ಅದೇ ಕಲಮಿನಲ್ಲಿದೆ, ಆದರೆ ಕಾಯಿಲೆಯ ಹೆಸರೊಂದೇ ಸಾಲದು, ಜೊತೆಯಲ್ಲಿ ಬಾಳಲು ಸಾಧ್ಯವೇ ಇಲ್ಲದಷ್ಟು ಅದು ತೀವ್ರವಾಗಿರಬೇಕೆಂದು ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆ. ನಿಮ್ಮ ಪತಿಯ ಕಾಯಿಲೆ ಆ ಅಳತೆಗೆ ಬರುತ್ತದೆಂದು ನನಗೆ ಅನ್ನಿಸುವುದಿಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತವಾಗಿ ವಕೀಲರ ನೆರವು ಸಿಗುತ್ತದೆ. ಸಲಹೆ ಪಡೆದ ಮಾತ್ರಕ್ಕೆ ಮೊಕದ್ದಮೆ ಹೂಡಲೇಬೇಕೆಂದಿಲ್ಲ. ಕಾಫಿ ಹೂ ಅರಳಿಸುವ ಹೂಮಳೆ ಬೀಳುವುದರೊಳಗೆ ಒಮ್ಮೆ ಹೋಗಿಬನ್ನಿ. ಮೆಣಸಿನ ಮುಂಗಡದ ಕರಾರನ್ನೂ ಆ ವಕೀಲರಿಗೆ ತೋರಿಸಿ, ಏಕೆಂದರೆ 1872ರ ಕರಾರು ಕಾಯ್ದೆಯ ಪ್ರಕಾರ ವಿವೇಚನೆ ಕಳೆದುಕೊಂಡ ಸ್ಥಿತಿಯಲ್ಲಿ ಮಾಡಿದ ಕರಾರನ್ನು ಪ್ರಶ್ನಿಸಲು ಅವಕಾಶವಿದೆ.

ಒಂದು ವೇಳೆ ಜೊತೆಯಲ್ಲೇ ಇರುವ ಮನಸ್ಸಾದರೆ, ಕ್ಷಮಿಸಿದ್ದೇನೆ ಎಂಬ ಮಾತಿಗಿಂತ ಒಂದು ಹಾಳೆ ಕಾಗದ ಹೆಚ್ಚು ಉಪಯೋಗಕ್ಕೆ ಬರುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಡಿ, ಆರೋಗ್ಯವಾಗಿರುವಾಗಲೇ ಒಬ್ಬರು ತಮಗೆ ಎಂಥ ಚಿಕಿತ್ಸೆ ಬೇಕು, ಎಂಥದ್ದು ಬೇಡ ಎಂಬ ಮುಂಗಡ ನಿರ್ದೇಶನವನ್ನು ಬರೆದಿಡಬಹುದು. ಕಾಯಿಲೆ ಬಂದಾಗ ತಮ್ಮ ಪರವಾಗಿ ನಿಲ್ಲುವ ನಾಮನಿರ್ದೇಶಿತ ಪ್ರತಿನಿಧಿಯನ್ನು ಬಿಳಿ ಹಾಳೆಯ ಮೇಲೆ ಸಹಿ ಹಾಕಿ ಹೆಸರಿಸಬಹುದು. ಆ ಹೆಸರು ಇನ್ನು ಮುಂದೆ ಅತ್ತೆಯದಾಗಿರದೆ ನಿಮ್ಮದಾಗಿರಬೇಕೆಂದು ಕೇಳಿ. ಅದೇ ಕಾಯ್ದೆ ಅವರ ವೈದ್ಯಕೀಯ ವಿವರಗಳನ್ನು ಗೋಪ್ಯವಾಗಿಟ್ಟಿರುವುದರಿಂದ, ಅವರ ಒಪ್ಪಿಗೆಯಿಲ್ಲದೆ ವೈದ್ಯರು ನಿಮ್ಮೊಡನೆ ಹೆಚ್ಚು ಮಾತನ್ನು ಆಡಲಾರರು. ಒಪ್ಪಿಗೆಯಿದ್ದರೆ ಆ ಅಡ್ಡಿ ನೀಗುತ್ತದೆ. ಕಾನೂನಿಗೆ ಸಂಬಂಧಿಸದ ಮನೆಯೊಳಗಿನ ಒಪ್ಪಂದವೊಂದನ್ನೂ ಬರೆದುಕೊಳ್ಳಿ: ಸತತ ಎರಡು ರಾತ್ರಿ ನಿದ್ರೆ ನಾಲ್ಕು ಗಂಟೆಗಿಂತ ಕಡಿಮೆಯಾದರೆ ಮೂರನೆಯ ಬೆಳಿಗ್ಗೆ ವಾದವಿಲ್ಲದೆ ವೈದ್ಯರ ಬಳಿ ಹೋಗುವುದು, ಎಟಿಎಂ ಕಾರ್ಡನ್ನೂ ಜೀಪಿನ ಕೀಲಿಯನ್ನೂ ನಿಮಗೆ ಒಪ್ಪಿಸುವುದು. ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿದಿನದ ಚೌಕದಲ್ಲಿ ನಿದ್ರೆಯ ಗಂಟೆಗಳನ್ನು ಅವರೇ ಬರೆಯಲಿ. ಮಾತ್ರೆಯ ಡಬ್ಬಿ ಊಟದ ಮೇಜಿನ ಮೇಲೆ ಬರಲಿ.

ಮಗಳ ವಿಷಯ. ತಂದೆಗೋ ತಾಯಿಗೋ ಈ ಕಾಯಿಲೆಯಿದ್ದರೆ ಮಗುವಿಗೆ ಬರುವ ಸಾಧ್ಯತೆ ನೂರರಲ್ಲಿ ಸುಮಾರು ಹತ್ತರೊಳಗೆ. ಸಾಮಾನ್ಯ ಜನರಿಗಿಂತ ಹೆಚ್ಚು ಎಂಬುದು ನಿಜ. ತೊಂಬತ್ತು ಮಕ್ಕಳಿಗಾದರೂ ಬರುವುದಿಲ್ಲ ಎಂಬುದೂ ಅಷ್ಟೇ ನಿಜ. ಸಾಮಾನ್ಯವಾಗಿ ಇದು ಹದಿಹರೆಯದ ಕೊನೆಯಲ್ಲಿ ಅಥವಾ ಇಪ್ಪತ್ತರ ಆಸುಪಾಸಿನಲ್ಲಿ ತಲೆದೋರುವುದರಿಂದ ಈಗಲೇ ಅವಳ ಪ್ರತಿ ನಗುವನ್ನೂ ಅಳುವನ್ನೂ ಅಳೆಯಲು ಹೋಗಬೇಡಿ. ‘ಅಪ್ಪನಿಗೆ ಮನಸ್ಸಿನ ಕಾಯಿಲೆ ಇದೆ, ಮಾತ್ರೆ ತೆಗೆದುಕೊಂಡರೆ ಹತೋಟಿಯಲ್ಲಿರುತ್ತದೆ, ನಿನ್ನಿಂದ ಬಂದದ್ದಲ್ಲ’ ಎಂಬಷ್ಟನ್ನು ಏಳು ವರ್ಷದ ಮಗುವಿಗೆ ಹೇಳಬಹುದು, ಹೇಳಬೇಕು. ಪರಸಂಬಂಧದ ವಿಷಯ ಅವಳ ಕಿವಿಗೆ ಬೀಳಬಾರದು.

ಕೊನೆಯದಾಗಿ ನಿಮ್ಮ ಮಾತ್ರೆ. ಪತ್ರದ ಕೊನೆಯ ಸಾಲಿನಲ್ಲಿ ನೀವು ಅದನ್ನು ಸೇರಿಸಿದ್ದೀರಿ, ಆದರೆ ನಾನು ಎರಡು ಸಲ ಓದಿದ್ದು ಅದೇ ಸಾಲನ್ನು. ಅತ್ತೆಯ ನಿದ್ರೆ ಮಾತ್ರೆ ಆಲ್ಪ್ರಜೋಲಮ್ ಅಥವಾ ಆ ಗುಂಪಿನದಾಗಿದ್ದರೆ, ಎರಡು ತಿಂಗಳಲ್ಲಿ ದೇಹ ಅದಕ್ಕೆ ಒಗ್ಗಿಹೋಗಿರುತ್ತದೆ. ಹೆದರಿ ಇಂದು ರಾತ್ರಿಯೇ ನಿಲ್ಲಿಸಿಬಿಡಬೇಡಿ. ಒಮ್ಮೆಲೇ ನಿಲ್ಲಿಸಿದರೆ ಕೈಕಾಲು ನಡುಕ, ವಿಪರೀತ ಗಾಬರಿ, ಕೆಲವೊಮ್ಮೆ ಫಿಟ್ಸ್ ಕೂಡ ಬರಬಹುದು. ವೈದ್ಯರು ಪ್ರಮಾಣವನ್ನು ವಾರವಾರಕ್ಕೆ ಸ್ವಲ್ಪಸ್ವಲ್ಪವೇ ಇಳಿಸಿ ಬಿಡಿಸುತ್ತಾರೆ. ಒಂಬತ್ತು ವರ್ಷದ ವಂಚನೆಯೂ ಒಂದು ಕೊಯ್ಲಿನ ದುಡಿಮೆಯೂ ಒಟ್ಟಿಗೆ ಮೈಮೇಲೆ ಬಿದ್ದವರಿಗೆ ನಿದ್ರೆ ಬಾರದಿರುವುದು ಹುಚ್ಚಲ್ಲ, ಆದರೆ ಅದಕ್ಕೂ ಚಿಕಿತ್ಸೆ ಬೇಕು, ನಿಮ್ಮದೇ ಹೆಸರಿನ ಚೀಟಿಯಲ್ಲಿ ಬೇಕು. ಮಡಿಕೇರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಶಿಬಿರಗಳೂ ನಡೆಯುತ್ತವೆ, ನಿಮ್ಮ ಕಡೆ ಯಾವ ಮಂಗಳವಾರ ಎಂಬುದನ್ನು ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಹೇಳುತ್ತಾರೆ. ಹೋಗುವಾಗ ಪತಿಯ ಲಿಥಿಯಂ ಮಾತ್ರೆಯ ಪಟ್ಟಿಯನ್ನೂ ನಿಮ್ಮ ನಿದ್ರೆ ಮಾತ್ರೆಯ ಪಟ್ಟಿಯನ್ನೂ ಒಂದೇ ಕೈಚೀಲದಲ್ಲಿ ತೆಗೆದುಕೊಂಡು ಹೋಗಿ, ಇಬ್ಬರೂ ಕುಳಿತಿರುವಾಗಲೇ ಎರಡನ್ನೂ ವೈದ್ಯರ ಮೇಜಿನ ಮೇಲಿಡಿ.